ನಾಸಿಕದ ಯಯಾತಿ

'ಹೇ ಸುರಾಂನೋ ಚಂದ್ರ ವ್ಹಾ' ಎಂಬ ನಾಟ್ಯಗೀತೆಯನ್ನು ಪಂಡಿತ ಜಿತೇಂದ್ರ ಅಭಿಷೇಕಿಯವರ ದನಿಯಲ್ಲಿ ಒಮ್ಮೆಯಾದರೂ ಕೇಳದ ಸಂಗೀತಪ್ರಿಯರು ಬೆಳಗಾವಿ, ಧಾರವಾಡದ ಕಡೆ ಸಿಗುವುದು ಕಷ್ಟ. ಸಾಂಗ್ಲಿ, ಪಣಜಿ ಆಕಾಶವಾಣಿಗಳನ್ನು ಹಿಡಿದು ಕೂತ ಮನೆಗಳಲ್ಲಿ ಅದು ದಶಕಗಳ ಕಾಲ ಕೇಳಿಸಿತು. ರಾಗ ಚಾರುಕೇಶಿ. ನಮ್ಮ ದಕ್ಷಿಣದ 26ನೆಯ ಮೇಳಕರ್ತ. ಹಿಂದೂಸ್ತಾನಿಯವರು ನಮ್ಮಿಂದ ಎತ್ತಿಕೊಂಡು ಮುದ್ದು ಮಾಡಿದ ರಾಗ. ಪೂರ್ವಾಂಗದಲ್ಲಿ ಶುದ್ಧ ಗಾಂಧಾರದ ನಗು, ಉತ್ತರಾಂಗಕ್ಕೆ ಹೋದೊಡನೆ ಕೋಮಲ ಧೈವತ, ಕೋಮಲ ನಿಷಾದಗಳ ನೋವು. ನಗುವೂ ನೋವೂ ಒಂದೇ ಉಸಿರಿನಲ್ಲಿ ಬರಬೇಕಾದ ಪ್ರಸಂಗಕ್ಕೆ ಇದಕ್ಕಿಂತ ತಕ್ಕ ರಾಗ ಹುಡುಕಲಾಗದು.

ಆ ಪ್ರಸಂಗ ಯಾವುದು? ಯಾರು, ಯಾರಿಗಾಗಿ ಹಾಡುತ್ತಿದ್ದಾರೆ? ಹಾಡನ್ನು ಬಾಯಿಪಾಠ ಬಲ್ಲವರನ್ನೇ ಕೇಳಿ ನೋಡಿ, ಬಹುಮಂದಿ ಒಂದು ಕ್ಷಣ ತಡೆಯುತ್ತಾರೆ. ಅಭಿಷೇಕಿಯವರ ಗಂಡು ಕಂಠ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಇದು ತನ್ನ ಪ್ರಿಯಕರನಿಗೆ ಬೆಳದಿಂಗಳನ್ನು ತಲುಪಿಸಿರೆಂದು ಸ್ವರಗಳನ್ನು ಬೇಡುವ ಹೆಣ್ಣಿನ ಹಾಡು ಎಂಬುದೇ ಹೊಳೆಯುವುದಿಲ್ಲ. ನಾಟಕದ ಹೆಸರು 'ಯಯಾತಿ ಆಣಿ ದೇವಯಾನಿ'. ಬರೆದವರು ನಾಸಿಕದ ವಿ.ವಾ. ಶಿರ್ವಾಡಕರ್, ಅಂದರೆ ಮರಾಠಿಗರ ಕುಸುಮಾಗ್ರಜ. ರಂಗಕ್ಕೆ ತಂದದ್ದು ಮುಂಬೈಯ ಗೋವಾ ಹಿಂದೂ ಅಸೋಸಿಯೇಷನ್, 1966ರಲ್ಲಿ. ಹಾಡುಗಳು ಇಡೀ ಮಹಾರಾಷ್ಟ್ರಕ್ಕೂ ಗೋವೆಗೂ ನಮ್ಮ ಗಡಿಯ ಊರುಗಳಿಗೂ ಹಬ್ಬಿದವು. ನಾಟಕ ಮಾತ್ರ ತನ್ನ ಹಾಡುಗಳ ಹಿಂದೆಯೇ ಮರೆಯಾಗಿ ನಿಂತಿತು. ಆ ನಾಟಕವನ್ನು ಮತ್ತೆ ಮುಂದಕ್ಕೆ ಕರೆಯಬೇಕೆಂಬುದೇ ಈ ಬರಹದ ಆಸೆ.

ಕನ್ನಡಿಗರಿಗೆ ಇದರಲ್ಲಿ ಹತ್ತಿರದ ಆಸಕ್ತಿಯೂ ಇದೆ. ಯಯಾತಿಯ ಕಥೆ ಆ ಕಾಲದಲ್ಲಿ ಪಶ್ಚಿಮ ಭಾರತದ ಲೇಖಕರನ್ನು ಬಿಟ್ಟೂಬಿಡದೆ ಕಾಡಿತು. 1959ರಲ್ಲಿ ಕೊಲ್ಹಾಪುರದ ವಿ.ಸ. ಖಾಂಡೇಕರರ ಕಾದಂಬರಿ 'ಯಯಾತಿ' ಬಂತು, ವಿ.ಎಂ. ಇನಾಮದಾರರ ಅನುವಾದದಿಂದ ಅದು ಕನ್ನಡದ ಮನೆಮನೆಗೂ ಬಂತು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಗಿರೀಶ ಕಾರ್ನಾಡ ಎಂಬ ತರುಣನ ಮೊದಲ ನಾಟಕವನ್ನು ಪ್ರಕಟಿಸಿತು; ಅದೂ 'ಯಯಾತಿ'. ಐದು ವರ್ಷ ಕಳೆದು ನಾಸಿಕದಿಂದ ಮೂರನೆಯದು. ಖಾಂಡೇಕರರಿಗೆ 1974ರಲ್ಲಿ, ಕುಸುಮಾಗ್ರಜರಿಗೆ 1987ರಲ್ಲಿ, ಕಾರ್ನಾಡರಿಗೆ 1998ರಲ್ಲಿ ಜ್ಞಾನಪೀಠ ಬಂತು. ಮೂವರು ಜ್ಞಾನಪೀಠಿಗಳು ಹತ್ತು ವರ್ಷಗಳೊಳಗೆ ಒಂದೇ ರಾಜನ ಕಥೆಯನ್ನು ಹಿಡಿದು ಕೂತ ಇನ್ನೊಂದು ಉದಾಹರಣೆ ನನಗೆ ನೆನಪಾಗುವುದಿಲ್ಲ.

ಮೂವರೂ ಹಿಡಿದ ದಾರಿ ಬೇರೆ. ಕಾರ್ನಾಡರ ಕಣ್ಣು ಅಪ್ಪ ಮಗನ ಮೇಲೆ. ಮುಪ್ಪನ್ನು ಹೊತ್ತ ಪುರು, ಅವನನ್ನು ಕಟ್ಟಿಕೊಂಡ ಚಿತ್ರಲೇಖೆ, ಅವಳು ಕುಡಿದ ವಿಷ ಇವು ಅವರ ನಾಟಕದ ಕೇಂದ್ರ. ಅಲ್ಲಿ ಹಾಡಿಗೆ ಜಾಗವಿಲ್ಲ; ಮಾತು ಚಾಕುವಿನಂತೆ ಹಾಯುತ್ತದೆ. ಕುಸುಮಾಗ್ರಜರು ಯಯಾತಿಯ ಜೊತೆಗೆ ದೇವಯಾನಿಯನ್ನೂ ಹೆಸರಲ್ಲೇ ಕೂರಿಸಿದರು. ಮಹಾಭಾರತದ ಈ ಹೆಣ್ಣು ಮೊದಲು ಕಚನನ್ನು ಪ್ರೀತಿಸಿದವಳು. ಸಂಜೀವಿನಿ ವಿದ್ಯೆ ಕಲಿಯಲು ಬಂದ ಬೃಹಸ್ಪತಿಯ ಮಗ ಅವಳನ್ನು ಒಲ್ಲೆನೆಂದು ಹೊರಟುಹೋದ. ಗೆಳತಿ ಶರ್ಮಿಷ್ಠೆ ಅವಳನ್ನು ಬಾವಿಗೆ ನೂಕಿದಳು. ಕೈಹಿಡಿದು ಮೇಲೆತ್ತಿದ ರಾಜನನ್ನೇ ಅವಳು ಗಂಡನೆಂದು ಹಿಡಿದಳು, ನೂಕಿದ ರಾಜಕುಮಾರಿಯನ್ನು ದಾಸಿಯಾಗಿ ಜೊತೆಗೆ ಒಯ್ದಳು, ಆ ದಾಸಿಗೇ ಗಂಡನ ಮನಸ್ಸನ್ನು ಕಳೆದುಕೊಂಡಳು. ಇಷ್ಟೊಂದು ಅವಮಾನ, ಹಟ, ಬಯಕೆ ತುಂಬಿದ ಕಥೆ ಹಾಡನ್ನು ತಾನಾಗಿಯೇ ಕೇಳುತ್ತದೆ. ಕುಸುಮಾಗ್ರಜರು 'ವಿಶಾಖಾ' ಬರೆದ ಕವಿ. ನಾಟಕದ ಹಾಡುಗಳಿಗಾಗಿ ಇನ್ನೊಬ್ಬ ಗೀತಕಾರನ ಬಾಗಿಲು ತಟ್ಟಬೇಕಾಗಿರಲಿಲ್ಲ. ಮಾತಾಡುವ ಪಾತ್ರವೂ ಹಾಡುವ ಪಾತ್ರವೂ ಒಂದೇ ಲೇಖನಿಯಿಂದ ಬಂದವು. ಸಂಗೀತ ನಾಟಕದಲ್ಲಿ ಇದು ಸಣ್ಣ ಭಾಗ್ಯವಲ್ಲ.

ಸಂಗೀತ ನಾಟಕ ಎಂದಾಗ ಮರಾಠಿಗರು ಅದನ್ನು ತಮ್ಮ ಮನೆಯ ಸೊತ್ತೆಂದು ಹೆಮ್ಮೆಯಿಂದ ಹೇಳುತ್ತಾರೆ, ಹೇಳಲಿ. ಆದರೆ ಅದರ ಬೇರಿನಲ್ಲಿ ನಮ್ಮ ಮಣ್ಣೂ ಅಂಟಿದೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದ್ದು ಉತ್ತರ ಕನ್ನಡದ ಕಡೆಯಿಂದ ಬಂದಿದ್ದ ಭಾಗವತರ ಆಟ ಕಂಡ ಮೇಲೆ. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿ ಹೊಸ ಯುಗ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಹಾಡುಗಳಲ್ಲಿ ಕನ್ನಡದ ಮಟ್ಟುಗಳಿವೆ. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಹಾಡಿಯೇ ಸವಾಯಿ ಗಂಧರ್ವರಾದರು. ಮರಾಠಿ ಕಂಪನಿಗಳ ಸಂಗೀತ ಮರಳಿ ಬಂದು ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಸೇರಿತು. ಆದ್ದರಿಂದ ಮರಾಠಿ ಸಂಗೀತ ನಾಟಕದ ಕಷ್ಟಸುಖದಲ್ಲಿ ನಾವು ಬರೀ ನೋಡುಗರಲ್ಲ.

ಆ ಸಂಪ್ರದಾಯಕ್ಕೆ ತನ್ನದೇ ಒಂದು ತೊಂದರೆಯಿತ್ತು. ಕಿರ್ಲೋಸ್ಕರರ 'ಸೌಭದ್ರ'ದಲ್ಲಿ ನೂರಕ್ಕೂ ಹೆಚ್ಚು ಹಾಡುಗಳು. ರಸಿಕರು 'ವನ್ಸ್ ಮೋರ್' ಎಂದರೆ ಪಾತ್ರಧಾರಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಹಾಡಬೇಕು. ಗಾಯಕ ನಟ ಬಾಲಗಂಧರ್ವರ ಕಾಲಕ್ಕೆ ಬರುವಾಗ ಜನ ಬರುತ್ತಿದ್ದುದೇ ಗಾಯನಕ್ಕೆ. ಹಾಡು ಬೆಳೆದಷ್ಟೂ ನಾಟಕ ಕಿರಿದಾಯಿತು. ಮೂಕಿ ಹೋಗಿ ಮಾತಾಡುವ ಸಿನಿಮಾ ಬಂದಾಗ, ಹಾಡು ಅಲ್ಲಿಯೂ ಸಿಗುತ್ತದೆಂದು ಜನ ಅತ್ತ ತಿರುಗಿದರು. ಐವತ್ತರ ದಶಕದ ಹೊತ್ತಿಗೆ ಇದರ ಕಥೆ ಮುಗಿಯಿತೆಂದೇ ಬಹಳ ಜನ ನಂಬಿದ್ದರು.

ಅದಕ್ಕೆ ಮತ್ತೆ ಉಸಿರು ಬಂದದ್ದರಲ್ಲಿ ನಾಸಿಕದ ಪಾಲು ದೊಡ್ಡದು. ಆ ಊರಿನ ಎಚ್‌ಪಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಸಂತ ಕಾನೇಟ್ಕರ್ 1964ರಲ್ಲಿ 'ಮತ್ಸ್ಯಗಂಧಾ' ಬರೆದರು. ಸಂಗೀತಕ್ಕೆ ಗೋವೆಯ ಮಂಗೇಶಿಯ ತರುಣ ಅಭಿಷೇಕಿ. ರಂಗದ ಮೇಲೆ ರಾಮದಾಸ ಕಾಮತ್, ಆಶಾಲತಾ. ಅಭಿಷೇಕಿ ಮಾಡಿದ ಕೆಲಸ ಕೇಳಲು ಸರಳ, ಮಾಡಲು ಕಠಿಣ: ಹಾಡುಗಳ ಸಂಖ್ಯೆ ತಗ್ಗಿಸಿದರು, ಒಂದೊಂದರ ಅವಧಿಯನ್ನೂ ತಗ್ಗಿಸಿದರು, ತಾನುಗಳ ಕಾಡನ್ನು ಕಡಿದು ಪಾತ್ರದ ಮನಸ್ಸಿಗೆ ದಾರಿ ಮಾಡಿದರು. ಮಾತು ಎಲ್ಲಿ ಸೋಲುತ್ತದೋ ಅಲ್ಲಿ ಹಾಡು ಹುಟ್ಟಬೇಕು. ಹಾಡು ಮುಗಿದಾಗ ಕಥೆ ಒಂದು ಹೆಜ್ಜೆಯಾದರೂ ಮುಂದಿರಬೇಕು. ಎರಡು ವರ್ಷದ ನಂತರ ಅದೇ ಸಂಸ್ಥೆ, ಅದೇ ಸಂಗೀತಗಾರ, ಅದೇ ಊರಿನ ಇನ್ನೊಬ್ಬ ಲೇಖಕ ಸೇರಿ 'ಯಯಾತಿ ಆಣಿ ದೇವಯಾನಿ'.

1966ರ ನಾಸಿಕವನ್ನು ನೆನೆದರೆ ನನಗೆ ಅಚ್ಚರಿ ತಣಿಯುವುದಿಲ್ಲ. ಒಬ್ಬರು ಪುರಾಣದ ಹಾಡುನಾಟಕ ಕೊಟ್ಟ ವರ್ಷದಲ್ಲೇ ಇನ್ನೊಬ್ಬರು, ಕಾನೇಟ್ಕರ್, 'ಅಶ್ರೂಂಚಿ ಝಾಲಿ ಫುಲೇ' ಎಂಬ ಗದ್ಯನಾಟಕವನ್ನೂ 'ಲೇಕುರೇ ಉದಂಡ ಜಾಹಲಿ' ಎಂಬ ಸಂಗೀತ ವಿನೋದವನ್ನೂ ಕೊಟ್ಟರು. ಎರಡನೆಯದರ ರೀತಿಯೇ ಬೇರೆ. ನಾಂದಿಯಿಲ್ಲ, ರಾಜರಾಣಿಯರಿಲ್ಲ, ಇಂದಿನ ಮನೆಯ ಮಾತು ನಡುವೆಯೇ ಲಯ ಹಿಡಿದು ಹಾಡಾಗಿ ಮತ್ತೆ ಮಾತಿಗೆ ಇಳಿಯುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಮ್ಯೂಸಿಕಲ್ ಎನ್ನುವುದಕ್ಕೆ ಮರಾಠಿಯಲ್ಲಿ ಹತ್ತಿರದ ಪ್ರಯತ್ನ ಅದೇ. ಅದಕ್ಕೂ ಸಂಗೀತ ಅಭಿಷೇಕಿಯವರದೇ. ಶ್ರೀಕಾಂತ ಮೋಘೆ ಅದರ ನಾಯಕ. 'ಯಯಾತಿ ಆಣಿ ದೇವಯಾನಿ'ಯ ಭೈರವಿಯೂ ಈ ಚಿಮ್ಮುವ ಹಾಡುಮಾತೂ ಒಬ್ಬನೇ ಸಂಗೀತಗಾರನ ಬೆರಳಿನಿಂದ ಒಂದೇ ವರ್ಷದಲ್ಲಿ ಬಂದವೆಂದರೆ, ಆ ಮನುಷ್ಯನ ಕಿವಿ ಎಷ್ಟು ಅಗಲವಾಗಿತ್ತೆಂದು ಊಹಿಸಬೇಕು.

ಮತ್ತೆ 'ಯಯಾತಿ ಆಣಿ ದೇವಯಾನಿ' ಯಾಕೆ ಹಿಂದೆ ಬಿತ್ತು? ಒಂದು ಕಾರಣ, ಬರೆದವರ ಇನ್ನೊಂದು ನಾಟಕ. 1970ರ ಡಿಸೆಂಬರಿನಲ್ಲಿ 'ನಟಸಮ್ರಾಟ' ಬಂತು. ಡಾ. ಶ್ರೀರಾಮ ಲಾಗೂ ಗಣಪತರಾವ್ ಬೆಲವಲಕರನಾಗಿ ನಿಂತ ಮೇಲೆ ಕುಸುಮಾಗ್ರಜರ ನಾಟಕವೆಂದರೆ ಅದೊಂದೇ ಎಂಬಂತಾಯಿತು. 2016ರಲ್ಲಿ ನಾನಾ ಪಾಟೇಕರ್ ಅಭಿನಯದ ಸಿನಿಮಾ ಬಂದು ಆ ನೆರಳನ್ನು ಇನ್ನಷ್ಟು ಉದ್ದ ಮಾಡಿತು. ಇನ್ನೊಂದು ಕಾರಣ ಹಣ ಮತ್ತು ಜನ. ಸಂಗೀತ ನಾಟಕಕ್ಕೆ ಆರ್ಗನ್ ಬೇಕು, ತಬಲಾ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಗಾಯಕ ನಟರು ಬೇಕು. ಹಾಡುವವರಿಗೆ ನಟನೆ ಬಾರದು, ನಟಿಸುವವರಿಗೆ ಚಾರುಕೇಶಿ ಒಲಿಯದು. ಇಂಥ ನಾಲ್ಕೈದು ಮಂದಿಯನ್ನು ಕೂಡಿಸಿ, ವೇಷ ಕಟ್ಟಿ, ಲಾರಿಯಲ್ಲಿ ಸೆಟ್ ಹೇರಿಕೊಂಡು ಊರೂರು ತಿರುಗುವ ನಿರ್ಮಾಪಕನಿಗೆ ಗದ್ಯನಾಟಕವೇ ಲೇಸೆನಿಸಿದರೆ ಅವನನ್ನು ದೂರುವಂತಿಲ್ಲ.

ಮೂರನೆಯ ಕಾರಣ ನಮ್ಮಂಥ ಅಭಿಮಾನಿಗಳೇ, ಇದನ್ನು ಒಪ್ಪಿಕೊಳ್ಳಬೇಕು. ನಾವು ಹಾಡುಗಳನ್ನು ಎತ್ತಿಕೊಂಡೆವು, ನಾಟಕವನ್ನು ಕೇಳಲಿಲ್ಲ. ಧ್ವನಿಮುದ್ರಿಕೆ, ರೇಡಿಯೋ, ಗಣೇಶೋತ್ಸವದ ಮೈಫಲು, ಹುಡುಗರ ನಾಟ್ಯಸಂಗೀತ ಸ್ಪರ್ಧೆ ಎಲ್ಲ ಕಡೆ 'ಸರ್ವಾತ್ಮಕಾ ಸರ್ವೇಶ್ವರಾ' ಕೇಳುತ್ತದೆ. ಕಛೇರಿಯ ಕೊನೆಗೆ ಭೈರವಿ ಬೇಕಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಕಛೇರಿಯಲ್ಲಿ ಅದು ಪ್ರಾರ್ಥನೆ ಮಾತ್ರ. ನಾಟಕದಲ್ಲಿ ಅದರ ಸುತ್ತ ಭೋಗದಲ್ಲಿ ಮುಳುಗಿದ ರಾಜ, ಅಹಂಕಾರದಲ್ಲಿ ಬೆಂದ ರಾಣಿ, ಬಚ್ಚಿಟ್ಟ ಪ್ರೀತಿಯ ದಾಸಿ ಇದ್ದಾರೆ. ಅವರ ನಡುವೆ ವಿರಕ್ತ ಕಚ ಇದ್ದಾನೆ. ಬೇಡುವವನೇ ಹಿಂದೆ ಒಬ್ಬಳ ಬೇಡಿಕೆಯನ್ನು ತಳ್ಳಿ ಬಂದವನು ಎಂದು ತಿಳಿದು ಕೇಳಿದಾಗ ಆ ಭೈರವಿಯ ಶಾಂತಿಯೊಳಗೆ ಒಂದು ಬಿರುಕು ಕಾಣುತ್ತದೆ. ಆ ಬಿರುಕೇ ನಾಟಕ.

ಮಹಾರಾಷ್ಟ್ರದ ನಾಟ್ಯಸಂಗೀತ ಮೈಫಲುಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ: ಹಾಡಿಗೆ ಮೊದಲು ನಿವೇದಕರೊಬ್ಬರು ಪ್ರಸಂಗ ಹೇಳುತ್ತಾರೆ. ಯಾವ ನಾಟಕ, ಯಾವ ಅಂಕ, ಯಾರು ಎಲ್ಲಿ ನಿಂತಿದ್ದಾರೆ. ಒಳ್ಳೆಯ ನಿವೇದಕರಿದ್ದರೆ ಎರಡು ನಿಮಿಷದಲ್ಲಿ ಸಭೆಯ ಕಣ್ಣಮುಂದೆ ಪರದೆ ಏಳುತ್ತದೆ. ಈ ನಿವೇದಕರ ಪರಂಪರೆಯೇ ಮರೆತ ನಾಟಕಗಳ ನಿಜವಾದ ಕಾವಲು ಎಂದು ನನಗನಿಸುತ್ತದೆ. ಹಾಡುವವರಿಗೆ ಸಿಗುವ ಚಪ್ಪಾಳೆಯಲ್ಲಿ ಅರ್ಧ ಅವರಿಗೆ ಸಲ್ಲಬೇಕು.

ಹಾಡು ಉಳಿದು ನಾಟಕ ಮರೆಯಾದ ಕಥೆ ಬ್ರಾಡ್‌ವೇಯಲ್ಲೂ ನಡೆದಿದೆ. ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರ 'ಕ್ಯಾಂಡೀಡ್' 1956ರಲ್ಲಿ 73 ಪ್ರದರ್ಶನಕ್ಕೆ ನಿಂತಿತು. ಅದರ ಆರಂಭದ ವಾದ್ಯಸಂಗೀತವನ್ನು ಮಾತ್ರ ಜಗತ್ತಿನ ವಾದ್ಯವೃಂದಗಳು ನುಡಿಸುತ್ತಲೇ ಬಂದವು. 1974ರಲ್ಲಿ ಹ್ಯಾರಲ್ಡ್ ಪ್ರಿನ್ಸ್ ಅದನ್ನು ಹೊಸದಾಗಿ ಕಟ್ಟಿ ನಿಲ್ಲಿಸಬೇಕಾಯಿತು. ಸ್ಟೀಫನ್ ಸಾಂಡ್‌ಹೈಮ್ ಅವರ 'ಮೆರಿಲಿ ವಿ ರೋಲ್ ಅಲಾಂಗ್' 1981ರಲ್ಲಿ 16 ಪ್ರದರ್ಶನದಲ್ಲೇ ಮುಚ್ಚಿತು. ಆದರೆ ಮೂಲ ಪಾತ್ರಧಾರಿಗಳ ಧ್ವನಿಮುದ್ರಿಕೆ ಉಳಿದಿತ್ತು. ಅದನ್ನು ಕೇಳಿ ಕೇಳಿ ಬೆಳೆದ ಒಂದು ತಲೆಮಾರು ಈ ಹಾಡುಗಳ ನಾಟಕ ಕೆಟ್ಟದ್ದಾಗಿರಲಾರದೆಂದು ಹಟ ಹಿಡಿಯಿತು. ಸಣ್ಣ ರಂಗಗಳಲ್ಲಿ ಮತ್ತೆ ಮತ್ತೆ ತಿದ್ದಿ ಆಡಿದರು. ನಲವತ್ತೆರಡು ವರ್ಷದ ಬಳಿಕ, 2023ರಲ್ಲಿ, ಅದು ಬ್ರಾಡ್‌ವೇಗೆ ಮರಳಿತು. ಮರುವರ್ಷ ಪುನಃಪ್ರದರ್ಶನದ ಟೋನಿ ಪ್ರಶಸ್ತಿ ಪಡೆಯಿತು. ನ್ಯೂಯಾರ್ಕಿನ ಸಿಟಿ ಸೆಂಟರಿನಲ್ಲಿ 1994ರಿಂದ 'ಎನ್‌ಕೋರ್ಸ್' ಎಂಬ ಸರಣಿಯೇ ಇದೆ: ಅಪರೂಪವಾದ ಮ್ಯೂಸಿಕಲ್‌ಗಳನ್ನು ಪೂರ್ಣ ವಾದ್ಯವೃಂದದೊಂದಿಗೆ, ಕಡಿಮೆ ರಂಗಸಜ್ಜಿಕೆಯಲ್ಲಿ ಕೆಲವೇ ದಿನ ಆಡುತ್ತಾರೆ.

ಅಂಥ ಬುದ್ಧಿ ನಮ್ಮಲ್ಲೂ ಇಲ್ಲದಿಲ್ಲ. ಮುಂಬೈಯ ನಟ ಸುನೀಲ್ ಬರ್ವೆ 'ಹರ್ಬೇರಿಯಂ' ಎಂಬ ಉಪಕ್ರಮದಲ್ಲಿ ಹಳೆಯ ಮರಾಠಿ ನಾಟಕಗಳನ್ನು ತಲಾ 25 ಪ್ರಯೋಗಗಳಿಗೆ ಮಾತ್ರ ರಂಗಕ್ಕೆ ತಂದರು. ಕಾನೇಟ್ಕರರ 'ಸೂರ್ಯಾಚಿ ಪಿಲ್ಲೇ' ಅವುಗಳಲ್ಲೊಂದು. ಇಷ್ಟೇ ಪ್ರಯೋಗ ಎಂದು ಮೊದಲೇ ಗೊತ್ತಿದ್ದರೆ ಬಿಡುವಿಲ್ಲದ ನಟರೂ ದಿನ ಕೊಡುತ್ತಾರೆ, ನೋಡುಗರೂ ನಾಳೆ ನೋಡೋಣವೆಂದು ತಳ್ಳುವುದಿಲ್ಲ. ಸಂಗೀತ ನಾಟಕದಲ್ಲಿ ದೊಡ್ಡ ಗೆಲುವು 'ಕಟ್ಯಾರ್ ಕಾಳಜಾತ್ ಘುಸಲಿ'ಯದು. 1967ರಲ್ಲಿ ವಸಂತರಾವ್ ದೇಶಪಾಂಡೆ ಖಾನಸಾಹೇಬರಾಗಿ ಹಾಡಿದ ಪಾತ್ರವನ್ನು ಮೊಮ್ಮಗ ರಾಹುಲ್ ದೇಶಪಾಂಡೆ 2010ರಲ್ಲಿ ಮತ್ತೆ ಹಾಡಿದರು. 2015ರಲ್ಲಿ ಸುಬೋಧ ಭಾವೆ ಅದನ್ನು ಸಿನಿಮಾ ಮಾಡಿದರು. ಅಜ್ಜನ ದನಿಯ ಅನುಕರಣೆಗಾಗಿ ಜನ ಬಂದಿರಬಹುದು, ಕೂತು ನೋಡಿದ್ದು ಎರಡು ಘರಾಣೆಗಳ ಜಗಳದ ಕಥೆಯನ್ನು. ಆ ನಾಟಕಕ್ಕೂ ಅಭಿಷೇಕಿಯವರ ಸಂಗೀತವೇ ಎಂಬುದನ್ನು ಮರೆಯಬಾರದು. ಇತ್ತ ಕನ್ನಡದಲ್ಲಿ, ಪುತಿನ ಅವರ 'ಗೋಕುಲ ನಿರ್ಗಮನ' ಓದುವ ಗೀತನಾಟಕವೆಂದು ಬದಿಗಿಟ್ಟವರ ಕಣ್ಣು ತೆರೆಸಲು ಬಿ.ವಿ. ಕಾರಂತರ ಹಾರ್ಮೋನಿಯಂ ಬರಬೇಕಾಯಿತು.

ಮರಾಠಿ ಹಾಡುನಾಟಕಕ್ಕೆ ಇನ್ನೊಂದು ನೆಲವೂ ಇದೆ. ನಾಸಿಕದಿಂದ ಗೋದಾವರಿಯ ಜಾಡು ಹಿಡಿದು ಪೂರ್ವಕ್ಕೆ ಇಳಿದರೆ ಛತ್ರಪತಿ ಸಂಭಾಜಿನಗರದ ಸೀಮೆ, 2023ರವರೆಗೆ ಔರಂಗಾಬಾದ್. ಅಲ್ಲಿಯ ಹಾಡುನಾಟಕದ ಕಿವಿ ಬೇರೆ ರೀತಿಯದು. 1948ರವರೆಗೆ ಅದು ನಿಜಾಮರ ಆಳ್ವಿಕೆ, ನಮ್ಮ ಬೀದರ, ಕಲಬುರಗಿ, ರಾಯಚೂರುಗಳಂತೆ. ಕೊಂಕಣ, ಗೋವೆಗಳಷ್ಟು ಕಂಪನಿಯ ರಾಗದಾರಿ ಆ ಸೀಮೆಯಲ್ಲಿ ಬೇರು ಬಿಡಲಿಲ್ಲ. ಆ ಜನರ ಕಿವಿ ಕಟ್ಟಿದ್ದು ಕೀರ್ತನೆ, ಅಭಂಗ, ಎಲ್ಲಕ್ಕೂ ಹೆಚ್ಚಾಗಿ ಭಾರೂಡ. ಪೈಠಣದ ಸಂತ ಏಕನಾಥರು ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಈ ಹಾಡುಗಳಲ್ಲಿ ವಾಸುದೇವ, ಜೋಶಿ, ಗೊಂದಲಿಗ, ಚೇಳು ಕಡಿದವನು ಹೀಗೆ ಒಂದೊಂದು ವೇಷ. ಹಾಡುವವನು ಆ ವೇಷವೇ ಆಗಿ ಕುಣಿಯುತ್ತಾನೆ. ಮೇಲೆ ನಗೆ, ಒಳಗೆ ತತ್ವ. ಕನಕದಾಸರ ಮುಂಡಿಗೆ, ನಮ್ಮ ಊರುಗಳ ತತ್ವಪದ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಜಿಲ್ಲೆಯ ನಿರಂಜನ ಭಾಕರೆ ಭಾರೂಡವನ್ನು ಇಂದಿನ ವೇದಿಕೆಗಳಿಗೆ ತಂದು ಜನರನ್ನು ನಗಿಸಿ ಅಳಿಸಿದ ಕಲಾವಿದ. 2021ರಲ್ಲಿ ಕೋವಿಡ್ ಅವರನ್ನು ಒಯ್ದಿತು. ನಗರದ ಮುಖ್ಯ ನಾಟಕಗೃಹಕ್ಕೆ ಸಂತ ಏಕನಾಥ ರಂಗಮಂದಿರ ಎಂದು ಹೆಸರಿಟ್ಟವರು ಸರಿಯಾದ ಹಿರಿಯನನ್ನೇ ನೆನೆದಿದ್ದಾರೆ.

ಒಬ್ಬನೇ ನಟ ಊರಿಗೆ ಊರನ್ನೇ ರಂಗಕ್ಕೆ ತಂದ 'ವರ್ಹಾಡ ನಿಘಾಲಂಯ ಲಂಡನಲಾ' ಹುಟ್ಟಿದ್ದೂ ಈ ನಗರದಲ್ಲೇ. ವಿಶ್ವವಿದ್ಯಾಲಯದ ನಾಟ್ಯಶಾಸ್ತ್ರ ವಿಭಾಗದ ಲಕ್ಷ್ಮಣ ದೇಶಪಾಂಡೆ ಅದನ್ನು ದಶಕಗಳ ಕಾಲ ಆಡಿದರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಸಂದೀಪ ಪಾಠಕ್ ಮುಂದುವರಿಸಿದರು. ಸಂಗೀತ ನಾಟಕವಲ್ಲದಿದ್ದರೂ ಅದರ ಗುಟ್ಟು ಭಾರೂಡದ್ದೇ: ವೇಷ ಬದಲಾದೊಡನೆ ದನಿ ಬದಲಾಗಬೇಕು, ದನಿ ಬದಲಾದೊಡನೆ ಲೋಕ.

ಈ ಎರಡು ಕಿವಿಗಳು, ನಾಸಿಕದ ರಾಗದಾರಿಯ ಕಿವಿ ಮತ್ತು ಗೋದಾವರಿಯ ಕೆಳದಂಡೆಯ ಅಭಂಗದ ಕಿವಿ, ಕೂಡಿದ್ದು 'ಸಂಗೀತ ದೇವಬಾಭಳಿ'ಯಲ್ಲಿ ಎಂದು ನನ್ನ ಎಣಿಕೆ. ನಾಸಿಕದ ಪ್ರಾಜಕ್ತ ದೇಶಮುಖ್ ಮೊದಲು ಏಕಾಂಕವಾಗಿ ಬರೆದು, ಬೆಳೆಸಿ, 2017ರ ಡಿಸೆಂಬರಿನಲ್ಲಿ ಭದ್ರಕಾಳಿ ಪ್ರೊಡಕ್ಷನ್ಸ್‌ಗಾಗಿ ದೊಡ್ಡ ರಂಗಕ್ಕೆ ತಂದರು. ಸಂಗೀತ ಆನಂದ ಓಕ್. ರಂಗದ ಮೇಲೆ ಇಬ್ಬರೇ ಹೆಂಗಸರು. ತುಕಾರಾಮನಿಗೆ ಬುತ್ತಿ ಒಯ್ಯುವ ಹೆಂಡತಿ ಆವಲಿಯ ಕಾಲಿಗೆ ಮುಳ್ಳು ಹೊಕ್ಕಿದೆ. ಅವಳ ಆರೈಕೆಗೆ ವಿಠ್ಠಲನೇ ತನ್ನ ಹೆಂಡತಿ ರಖುಮಾಯಿಯನ್ನು ಮಾರುವೇಷದಲ್ಲಿ ಕಳಿಸಿದ್ದಾನೆ. ಗಂಡನ ಭಕ್ತಿಯಿಂದ ಬೇಸತ್ತವಳೊಬ್ಬಳು, ಗಂಡನ ಭಕ್ತರಿಂದ ಬೇಸತ್ತವಳೊಬ್ಬಳು. ಶುಭಾಂಗಿ ಸದಾವರ್ತೆ, ಮಾನಸಿ ಜೋಶಿ ಇಬ್ಬರೂ ರಂಗದ ಮೇಲೆಯೇ ಹಾಡುತ್ತಾ ಕಥೆ ನಡೆಸಿದರು. ವಿಠ್ಠಲನನ್ನು ಕನ್ನಡದ ದೇವರೆಂದು ಅಕ್ಕರೆಯಿಂದ ಕಾಣುವ ನಮಗೆ, ಅವನ ಹೆಂಡತಿಯ ದೂರು ಕೇಳುವುದು ಬೇರೆಯೇ ಅನುಭವ. 2020ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಈ ಕೃತಿಗೆ ಸಂದಿತು. ಸಂಗೀತ ನಾಟಕಕ್ಕೆ ಇಂದಿನ ತರುಣರು ಬರುವುದಿಲ್ಲವೆಂಬ ಮಾತನ್ನು ಅದು ಸುಳ್ಳು ಮಾಡಿತು. ಅಲ್ಲಿ ಹಾಡನ್ನು ಕಥೆಯಿಂದ ಕಿತ್ತು ಒಯ್ಯುವುದು ಸುಲಭವಿಲ್ಲ. ಮುಳ್ಳು, ಬುತ್ತಿ, ಇಂದ್ರಾಯಣಿಯ ದಂಡೆ ಎಲ್ಲ ಜೊತೆಗೇ ಬರುತ್ತವೆ.

'ದೇವಬಾಭಳಿ' ನೋಡಿದ ಕಣ್ಣಿಗೆ 'ಯಯಾತಿ ಆಣಿ ದೇವಯಾನಿ' ಹಳತೆನಿಸುವುದಿಲ್ಲ. ಅಲ್ಲಿಯೂ ಇಬ್ಬರು ಹೆಂಗಸರು, ಕಣ್ಣೆದುರಿಗಿದ್ದೂ ಇಲ್ಲದಂತಿರುವ ಗಂಡಸು. ಅದನ್ನು ಆಡುವ ಶಕ್ತಿಯೂ ಇದೆ: ಮಹಾರಾಷ್ಟ್ರ ಸರ್ಕಾರದ ರಾಜ್ಯ ಸಂಗೀತ ನಾಟ್ಯ ಸ್ಪರ್ಧೆಗೆ ಇಂದಿಗೂ ಕೊಂಕಣ, ಗೋವೆಗಳಿಂದ ಹವ್ಯಾಸಿ ತಂಡಗಳು ಬರುತ್ತವೆ; ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ತಾಲೀಮು ಮಾಡುವ ಗಾಯಕ ನಟರು ಅಲ್ಲಿದ್ದಾರೆ. ಬೇಕಾದದ್ದು ಅವರಿಗೆ ಒಳ್ಳೆಯ ನಿರ್ದೇಶಕ ಮತ್ತು ಬರೀ ಹತ್ತು, ಹದಿನೈದು ಪ್ರಯೋಗಗಳ ಖರ್ಚು.

ನನಗೊಂದು ಜೋಡಿ ಸಂಜೆ ಬೇಕು. ಮೊದಲ ದಿನ ಧಾರವಾಡದ ತಂಡವೊಂದು ಕಾರ್ನಾಡರ 'ಯಯಾತಿ'ಯನ್ನು ಕನ್ನಡದಲ್ಲಿ ಆಡಲಿ, ಮರುದಿನ ಕುಸುಮಾಗ್ರಜರದು ಪೂರ್ಣವಾಗಿ, ಎಲ್ಲ ಹಾಡುಗಳೊಂದಿಗೆ. ಮೊದಲು ನಾಸಿಕದ ಮಹಾಕವಿ ಕಾಲಿದಾಸ ಕಲಾಮಂದಿರದಲ್ಲಿ, ಆಮೇಲೆ ಏಕನಾಥ ರಂಗಮಂದಿರದಲ್ಲಿ, ಕೊನೆಗೆ ಧಾರವಾಡದ ಕಲಾಭವನದಲ್ಲಿ. 1967ರಲ್ಲಿ ಸತ್ಯದೇವ ದುಬೆ ಮುಂಬೈಯಲ್ಲಿ ಕಾರ್ನಾಡರ ಯಯಾತಿಯನ್ನು ಹಿಂದಿಯಲ್ಲಿ ಆಡಿಸಿದಾಗ ಈ ಎರಡೂ ನಾಟಕಗಳು ಬಹುಶಃ ಒಂದೇ ಊರಿನ ರಸಿಕರ ಮಾತಿನಲ್ಲಿ ಇದ್ದವು. ಈಗ ಮತ್ತೆ ಇರಬಾರದೇಕೆ? ತಾಲೀಮಿನ ಬಗ್ಗೆ ಒಂದೇ ಕೋರಿಕೆ. ಚಾರುಕೇಶಿಯ ಆ ಹಾಡನ್ನು ಹಾಡಬೇಕಾದ ಹುಡುಗಿಗೆ ಅಭಿಷೇಕಿಯವರ ಧ್ವನಿಮುದ್ರಿಕೆ ಮೊದಲೇ ಕೇಳಿಸಬೇಡಿ. ಅವಳು ಬಲ್ಲಳು, ನಾವೆಲ್ಲ ಬಲ್ಲೆವು. ಹಾಡಿಗೆ ಮುಂಚಿನ ಮಾತುಗಳನ್ನು ಅವಳ ಕೈಗೆ ಕೊಡಿ. ಅವು ಬಾಯಿಗೆ ಕೂಡಿ, ಇನ್ನು ಮಾತಾಡಲಾರೆನೆಂದು ಅವಳಿಗೇ ಅನ್ನಿಸಿದ ದಿನ ಆರ್ಗನ್ನಿನವರನ್ನು ಕರೆಸಿ.